ಒಂದು ಹಿಡಿ ಮೆಂತ್ಯ

ಹುಣಸೆ ಬೀಜದ ಗಂಜಿ ಇನ್ನೇನು ಹದಕ್ಕೆ ಬರುವುದರಲ್ಲಿತ್ತು. ಕಂಬಳಿಯ ನೂಲಿಗೆ ಬಳಿಯುವ ಗಂಜಿ ತೆಳ್ಳಗಾದರೆ ನೂಲು ಬಿರುಸಾಗುವುದಿಲ್ಲ, ಗಟ್ಟಿಯಾದರೆ ಮಗ್ಗದ ಮೇಲೆ ಪಟಪಟ ಹರಿಯುತ್ತದೆ. ಏಕನಾಥಮ್ಮ ಒಂದು ಕೈಯಿಂದ ಗಡಿಗೆಯಲ್ಲಿ ಕೋಲಾಡಿಸುತ್ತ, ಇನ್ನೊಂದು ಕೈಯಿಂದ ಹೊಗೆ ಬೀಸಿಕೊಳ್ಳುತ್ತ, ಕಿವಿಯನ್ನು ಮಾತ್ರ ಗೋಡೆಯ ಗೂಡಿನ ಕಡೆಗೆ ಇಟ್ಟಿದ್ದಳು. ಗೂಡಿನಲ್ಲಿ ಪಂಚಾಯ್ತಿಯ ರೇಡಿಯೋ ಕೂತಿತ್ತು. ಅದರೊಳಗಿಂದ ಅಕ್ಕ ಮಾತಾಡುತ್ತಿದ್ದಳು.

ಆ ಅಕ್ಕನಿಗೆ ಹೆಸರಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ‘ನಮಸ್ಕಾರ, ನಿಮ್ಮ ಅಕ್ಕ ಬಂದಿದ್ದೇನೆ’ ಎನ್ನುವಳು. ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು, ಹಳೇ ಸೀರೆಯಲ್ಲಿ ಏನೇನು ಹೊಲಿಯಬಹುದು, ಅತ್ತೆಯ ಎದುರು ದನಿ ಎತ್ತದೆ ತನ್ನ ಮಾತನ್ನು ನಡೆಸಿಕೊಳ್ಳುವುದು ಹೇಗೆ ಎಂದು ಪಕ್ಕದ ಮನೆಯವಳ ಹಾಗೆ ಹೇಳಿ ಹೋಗುವಳು. ಏಕನಾಥಮ್ಮನ ಜಗಲಿಯ ಮೇಲೆ ಓಬಕ್ಕ, ಹುಚ್ಚಕ್ಕ, ಉಚ್ಚಂಗಮ್ಮ ದಿನವೂ ಉಣ್ಣೆ ನೂಲುತ್ತ ಕೂರುತ್ತಿದ್ದರು. ಏನು ಮಾಡುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ‘ನೂಲ್ತಿದೀವಿ’ ಎನ್ನುವರು. ರೇಡಿಯೋ ಕೇಳುತ್ತಿದ್ದೇವೆ ಎಂದು ಅವರಿಗೇ ಅನ್ನಿಸಿರಲಿಲ್ಲ. ಆದರೆ ಅಕ್ಕ ಶುರು ಮಾಡಿದ ಕೂಡಲೆ ಹುಚ್ಚಕ್ಕ ಕೆಮ್ಮುವುದನ್ನೂ ನಿಲ್ಲಿಸುತ್ತಿದ್ದಳು.

“ಇದೀಗ ಬೀರಪ್ಪನವರ ಆಗಮನ!” ಎಂದು ಬಾಗಿಲಲ್ಲಿ ದನಿ ಕೇಳಿತು.

ಬಂದವನು ಏಕನಾಥಮ್ಮನ ಗಂಡ. ರೇಡಿಯೋ ತನ್ನ ಸುಪರ್ದಿಗೆ ಬಂದಂದಿನಿಂದ ಬೀರಪ್ಪ ತಾನು ಮಾಡುವುದನ್ನೆಲ್ಲ ಮೊದಲೇ ಘೋಷಿಸಿ ಮಾಡುವ ಅಭ್ಯಾಸ ಇಟ್ಟುಕೊಂಡಿದ್ದ. ‘ಈಗ ಬೀರಪ್ಪನವರಿಂದ ಸ್ನಾನ’ ಎಂದು ಹೇಳಿ ಸ್ನಾನ ಮಾಡುತ್ತಿದ್ದ. ಮಾಡದಕೆರೆಯ ಆಚೆಗಿದ್ದ ಆ ಕುರುಬರ ಹಟ್ಟಿಯಲ್ಲಿ ಪಂಚಾಯ್ತಿಯವರು ರೇಡಿಯೋ ಇಡಲು ಅವನನ್ನು ಆರಿಸಿದ್ದಕ್ಕೆ ಕಾರಣ ಸರಳವಾಗಿತ್ತು: ಮಳೆಗೆ ಸೋರದ ಮಾಳಿಗೆ ಅವನದೊಂದೇ. ಈ ಕಾರಣವನ್ನು ಅವನು ಯಾರಿಗೂ ಹೇಳುತ್ತಿರಲಿಲ್ಲ. ಸರ್ಕಾರ ತನ್ನ ಬುದ್ಧಿಯನ್ನು ಕಂಡು ಕರೆದು ಕೊಟ್ಟಿತೆಂದು ನಂಟರೂರುಗಳಲ್ಲೆಲ್ಲ ಹೇಳಿಕೊಂಡು ಬಂದಿದ್ದ. ಸಂಜೆಗೆ ಪೆಟ್ಟಿಗೆಯನ್ನು ಹೊತ್ತು ಚಾವಡಿಗೆ ಒಯ್ದು, ಮೇಲೆ ಕಟ್ಟಿದ್ದ ತುತ್ತೂರಿಗೆ ತಂತಿ ಸಿಕ್ಕಿಸಿ ಊರಿಗೆ ಕೇಳಿಸುವುದು ಅವನ ಕೆಲಸ. ಉಳಿದ ಹೊತ್ತು ಅದು ಮನೆಯ ಗೂಡಿನಲ್ಲಿರುತ್ತಿತ್ತು.

ಇವತ್ತು ಅವನ ಹಿಂದೆ ಗ್ರಾಮಸೇವಕ ರೇವಣಸಿದ್ದಪ್ಪ ಸೈಕಲ್ಲು ತಳ್ಳಿಕೊಂಡು ಬಂದಿದ್ದ. ಏಕನಾಥಮ್ಮ ರೇಡಿಯೋ ಸಣ್ಣ ಮಾಡಿ ನೀರು ಕೊಟ್ಟಳು.

“ನೋಡ್ರಿ ಬೀರಪ್ಪ,” ಎಂದ ರೇವಣಸಿದ್ದಪ್ಪ, “ವರ್ಷಕ್ಕೊಂದು ಸಲ ಸ್ಟೇಷನ್ನಿನೋರು ಲೆಕ್ಕ ತೆಗೀತಾರೆ. ವರ್ಷೊಪ್ಪತ್ತು ನಾವು ಏನೇನು ಹೇಳಿದ್ವಿ, ಯಾರು ಕೇಳಿದ್ರು, ಯಾವುದು ಜನಕ್ಕೆ ಹಿಡಿಸ್ತು ಅಂತ. ಈ ಸಲ ಹೊಸದುರ್ಗ ತಾಲ್ಲೂಕಿಗೆಲ್ಲ ನಿಮ್ಮ ಹಟ್ಟೀನೇ ಆರಿಸ್ಯಾರೆ. ಗುರುವಾರ ಬರ್ತಾರೆ.”

ಬೀರಪ್ಪನ ಎದೆ ಉಬ್ಬಿತು. “ಬಂದು ನನಗೆ ಶಾಲು ಹೊದಿಸ್ತಾರಾ?”

“ಎಲ್ಲಿ ಶಾಲು! ಮನೆ ಮನೆಗೆ ಹೋಗಿ ಕೇಳ್ತಾರೆ. ಕೇಳೋರೇ ಇಲ್ಲ ಅಂತಾದ್ರೆ ಸೆಟ್ಟನ್ನ ಬೇರೆ ಊರಿಗೆ ಕೊಡಾಣ ಅಂತ ಮೇಲಿನೋರು ಮಾತಾಡ್ತಿದ್ರು. ಹಿರಿಯೂರು ಕಡೆ ಹರಿಯಬ್ಬೆಯೋರು ಆಗ್ಲೇ ಅರ್ಜಿ ಹಾಕ್ಯಾರಂತೆ.”

ಉಬ್ಬಿದ ಎದೆ ಅಲ್ಲೇ ಇಳಿಯಿತು. ಹರಿಯಬ್ಬೆಯಲ್ಲಿ ಬೀರಪ್ಪನ ತಂಗಿಯ ಗಂಡ ಚಿತ್ರಲಿಂಗಪ್ಪ ಇದ್ದ. ಹೋದ ಹಬ್ಬದಲ್ಲಿ ಅವನು ಪಂಕ್ತಿಯಲ್ಲಿ ಎಲ್ಲರೆದುರಿಗೆ ಹೆಂಡತಿಯನ್ನು ಕರೆದು, “ನಿಮ್ಮಣ್ಣನ ರೇಡಿಯೋಗಿಂತ ನಮ್ಮನೆ ಹುಂಜ ವಾಸಿ ಕಣೇ. ಟೈಮಿಗೆ ಕೂಗುತ್ತೆ, ಬ್ಯಾಟ್ರಿ ಕೇಳಲ್ಲ,” ಎಂದಿದ್ದ. ರೇಡಿಯೋ ಹೋಗುವುದೊಂದು ದುಃಖ. ಅದು ಚಿತ್ರಲಿಂಗಪ್ಪನ ಊರಿಗೇ ಹೋಗುವುದೆಂದರೆ ಬೀರಪ್ಪ ಇನ್ನು ತಂಗಿಯ ಮನೆಯ ಹೊಸಿಲು ದಾಟುವ ಹಾಗೇ ಇರಲಿಲ್ಲ.

ಕೇಳುವವರು ಇಲ್ಲ ಎನ್ನುವುದು ಸತ್ಯವೇ ಆಗಿತ್ತು. ಮಾರಿಕಣಿವೆಯ ಹಿನ್ನೀರಿನ ಕಡೆ ಕುರಿ ಹೊಡೆದುಕೊಂಡು ಹೋದ ಗಂಡಸರು ಸಂಜೆ ಬಂದು, ಉಂಡು, ಗೋಡೆಗೆ ಒರಗಿದರೆ ಮುಗಿಯಿತು. ಚಾವಡಿಯ ಕಂಬಕ್ಕೆ ಆತು ಪ್ರತಿದಿನ ತಪ್ಪದೆ ರೇಡಿಯೋ ಮುಂದೆ ಕೂರುವವನು ಹಿರಿಯ ಪಾಲಯ್ಯ ಒಬ್ಬನೇ. ಅವನಿಗೆ ಎರಡೂ ಕಿವಿ ಮಂದ. ಪಾಲಯ್ಯನನ್ನು ಬಿಟ್ಟರೆ ನಿಷ್ಠೆಯಿಂದ ಬರುತ್ತಿದ್ದವು ಕುರಿಗಳು. ಸಂಜೆ ತುತ್ತೂರಿಯಲ್ಲಿ ಮೊದಲ ವಾದ್ಯ ಮೊಳಗಿದೊಡನೆ ಹಟ್ಟಿಗೆ ಮರಳುವ ಹೊತ್ತಾಯಿತೆಂದು ಅವು ಕಲಿತುಬಿಟ್ಟಿದ್ದವು.

“ಮಧ್ಯಾಹ್ನ ನಾವು ಕೇಳ್ತೀವಲ್ರಿ,” ಎಂದಳು ಏಕನಾಥಮ್ಮ ಮೆಲ್ಲಗೆ.

ಬೀರಪ್ಪ ಅವಳ ಗಂಜಿ ಕೋಲನ್ನು ನೋಡಿ ನಕ್ಕ. “ಗಂಜಿ ತಿರುವ್ತಾ ಕೇಳೋದು ಕೇಳೋದೇನೇ? ಕೇಳೋದು ಅಂದ್ರೆ ಕೈ ಕಟ್ಕಂಡು ಮುಂದೆ ಕುಂತು ತಲೆ ಆಡಿಸ್ಬೇಕು. ಅಲ್ವೇನ್ರಿ ರೇವಣಸಿದ್ದಪ್ಪ?”

“ಅದೆಲ್ಲ ಲೆಕ್ಕಕ್ಕೆ ಬರಲ್ಲ ಬಿಡ್ರಿ,” ಎಂದ ರೇವಣಸಿದ್ದಪ್ಪ. ಅವನಿಗೂ ಖಚಿತವಿರಲಿಲ್ಲ. ಆದರೆ ಸರ್ಕಾರದ ಮನುಷ್ಯ. ಗೊತ್ತಿಲ್ಲ ಎನ್ನುವ ಹಾಗಿರಲಿಲ್ಲ.

ಏಕನಾಥಮ್ಮ ಗಂಜಿಯ ಗಡಿಗೆ ಇಳಿಸಿದಳು. “ಈಗ ಬೀರಪ್ಪನವರಿಂದ ಊಟ,” ಎಂದು ಗಂಡ ಕೂತಾಗ ಮುದ್ದೆ ಇಟ್ಟು ಹುರುಳಿ ಸಾರು ಬಿಟ್ಟಳು. ಮೊದಲ ತುತ್ತಿಗೇ ಅವನ ಮುಖ ಕಿವುಚಿಕೊಂಡಿತು.

“ಲೇ, ಈ ಕಹಿ ಯಾವತ್ತಿಗೆ ಮುಗಿಯುತ್ತೆ? ವರ್ಷ ಆತಲ್ಲೇ.”

“ಮೈಗೆ ಒಳ್ಳೇದು. ಉಣ್ರಿ,” ಎಂದಳು ಅವಳು.

ಅವತ್ತೇ ಸಂಜೆ ಚಾವಡಿಯಲ್ಲಿ ಕರಿಕಂಬಳಿ ಹಾಸಿದರು. ಆ ಹಟ್ಟಿಯಲ್ಲಿ ಕಂಬಳಿಯ ಮೇಲೆ ಕೂತು ಆಡಿದ ಮಾತಿಗೆ ಎರಡಿರಲಿಲ್ಲ. ಮದುವೆ ಮುರಿಯುವುದಿರಲಿ, ಮೇವಿನ ಜಗಳವಿರಲಿ, ಕಂಬಳಿಯ ಮೇಲೆ ಒಪ್ಪಿ ಎದ್ದವನು ಆಮೇಲೆ ಬೇರೆ ಮಾತಾಡಿದರೆ ಅವನ ಮನೆಗೆ ಬೆಂಕಿ ಕೊಡುವವರೂ ಇಲ್ಲ. ಇಂಥ ಕಂಬಳಿಯನ್ನು ರೇಡಿಯೋ ವಿಚಾರಕ್ಕೆ ಹಾಸಿದ್ದು ಅದೇ ಮೊದಲು.

“ಯಾವ ಪ್ರೋಗ್ರಾಮು ಇಷ್ಟ ಅಂತ ಕೇಳ್ತಾರಂತೆ,” ಎಂದು ಬೀರಪ್ಪ ವಿಷಯ ಮಂಡಿಸಿದ. “ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಹಟ್ಟೀಲಿ ಒಗ್ಗಟ್ಟಿಲ್ಲ ಅಂತ ಬರ್ಕಂತಾರೆ. ಒಂದೇ ಮಾತು ಆಗ್ಲಿ.”

“ಕುರಿ ಧಾರಣೆ ಹೇಳ್ತಾರಲ್ಲ, ಅದು ಅಂತ ಹೇಳಾಣ,” ಎಂದ ಪಾಪಣ್ಣ. ಊರಿನಲ್ಲಿ ಎಲ್ಲದಕ್ಕೂ ಮೊದಲು ಬಾಯಿ ಹಾಕುವವನು ಅವನೇ.

“ಧಾರಣೆ ಕೇಳ್ತೀವಿ ಅಂದ್ರೆ ಮಾರೋಕೆ ಬೇಕಾದಷ್ಟು ಕುರಿ ಅವೆ ಅಂತ ತಿಳ್ಕಂತಾರೆ. ಬ್ಯಾಡ.”

“ಹಾಡು?”

“ಸೋಮಾರಿಗಳು ಅಂತಾರೆ.”

“ಬೇಸಾಯದ್ದು?”

“ವರ್ಷೆಲ್ಲ ಕೇಳೀರಲ್ಲ, ಹೇಳಿದಂಗೆ ಯಾಕೆ ಮಾಡ್ಲಿಲ್ಲ ಅಂತ ಹೊಲಕ್ಕೆ ಬಂದು ನಿಂತ್ಕಂತಾರೆ.”

ಎಲ್ಲರೂ ಯೋಚನೆಗೆ ಬಿದ್ದರು. ಆಗ ಕಂಬಕ್ಕೆ ಒರಗಿದ್ದ ಪಾಲಯ್ಯ ಗಂಟಲು ಸರಿಮಾಡಿಕೊಂಡ.

“ಸಂಜೀಲಿ ಇಂಗ್ಲಿಷ್ನಾಗೆ ವಾರ್ತೆ ಓದ್ತಾನಲ್ಲ ಒಬ್ಬ, ಅವ್ನು ನನಗೆ ಸೇರ್ತಾನೆ. ನಗಲ್ಲ, ಜಗಳ ಆಡಲ್ಲ. ಗತ್ತಾಗಿ ಹೇಳಿ ಎದ್ದು ಹೋಗ್ತಾನೆ. ಅದು ಅಂತ ಹೇಳ್ರಿ.”

ಸಭೆ ಬೆರಗಾಯಿತು. ಇದರಲ್ಲಿದ್ದ ಜಾಣತನ ಒಬ್ಬೊಬ್ಬರಿಗೇ ಹೊಳೆಯಿತು. ಇಂಗ್ಲಿಷ್ ವಾರ್ತೆ ಕೇಳುವವರನ್ನು ಯಾರೂ ಹಗುರವಾಗಿ ಕಾಣುವುದಿಲ್ಲ. ಅದರಲ್ಲಿ ಹೇಳಿದ್ದನ್ನು ಯಾಕೆ ಮಾಡಲಿಲ್ಲ ಎಂದು ಕೇಳುವ ಹಾಗೂ ಇಲ್ಲ.

“ಎಷ್ಟು ಜನ ಕೇಳ್ತೀರಿ ಅಂತಂದ್ರೆ?” ಎಂದ ಪಾಪಣ್ಣ.

ಈ ಪ್ರಶ್ನೆಗೆ ಎಲ್ಲರೂ ಒಟ್ಟಿಗೆ ‘ಶ್’ ಎಂದರು. ಕುರಿ ಸಾಕುವವರು ತಲೆ ಎಣಿಸಿ ಬಾಯಿಬಿಟ್ಟು ಹೇಳುವುದುಂಟೇ? ಹೇಳಿದ ಮರುದಿನವೇ ಒಂದು ಕಡಿಮೆಯಾಗುತ್ತದೆ. ಕುರಿಗಿದ್ದ ಕಟ್ಟಲೆ ಮನುಷ್ಯರಿಗೂ ಬಂತು. ಎಷ್ಟು ಎಂದು ಯಾರು ಕೇಳಿದರೂ ‘ಏನೋ ಇದೀವಿ, ದೇವ್ರು ಇಟ್ಟಂಗೆ’ ಎನ್ನುವುದೆಂದು ತೀರ್ಮಾನವಾಯಿತು. ವಾರ್ತೆ ಮುಗಿಯುವವರೆಗೆ ಕೈ ಕಟ್ಟಿ ಕೂತು ತಲೆ ಆಡಿಸುವುದೆಂದೂ ಮಾತಾಯಿತು.

ಹೆಂಗಸರಿಗೆ ಬೀರಪ್ಪನೇ ಜಗಲಿಯ ಮುಂದೆ ನಿಂತು ಸಾರಿದ. “ಗಂಡಸರು ಇಂಗ್ಲಿಷ್ ವಾರ್ತೆ ಕೇಳ್ತಾರೆ ಅಂತ ಕಂಬಳಿ ಮ್ಯಾಲೆ ಮಾತಾಗೈತೆ. ನಿಮ್ಮನ್ನ ಕೇಳಿದ್ರೆ ನಾವು ಏನೂ ಕೇಳಲ್ಲ ಅನ್ರಿ. ಒಂದು ಹಟ್ಟೀಲಿ ಎರಡು ಮಾತು ಬರಬಾರ್ದು.”

“ಅದ್ಕೇನು, ನಾವು ಕೇಳೋದು ಎಲ್ಲಿ, ನೂಲ್ತೀವಿ ಅಷ್ಟೆ,” ಎಂದಳು ಹುಚ್ಚಕ್ಕ.

ಗುರುವಾರ ಬೆಳಗ್ಗೆ ಮಾಡದಕೆರೆ ಬಸ್ಸಿಳಿದು ರೇವಣಸಿದ್ದಪ್ಪನ ಜೊತೆ ನಡೆದು ಬಂದದ್ದು ಗಂಡಸಲ್ಲ. ಕುಳ್ಳಗೆ, ದುಂಡಗೆ, ಕನ್ನಡಕದ ಹೆಂಗಸು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಕಾಗದ ತುಂಬಿದ ಚೀಲ. ದೊಡ್ಡ ಸಾಹೇಬರ ಬರವಿಗೆಂದು ತಲೆಗೆ ಪಟಗ ಸುತ್ತಿ ನಿಂತಿದ್ದ ಬೀರಪ್ಪ ಅವಳನ್ನು ದಾಟಿಕೊಂಡು ಮುಂದೆ ಹೋಗಿ, ರಸ್ತೆಯ ತಿರುವಿನವರೆಗೆ ನೋಡಿ, ಸಾಹೇಬರು ಎಲ್ಲಿ ಎಂದು ರೇವಣಸಿದ್ದಪ್ಪನನ್ನು ಕೇಳಿದ.

“ಇವರೇ ಕಣ್ರಿ ಸಾಹೇಬರು! ದಾಕ್ಷಾಯಣಮ್ಮ ಅಂತ. ಸ್ಟೇಷನ್ನಿನೋರು.”

“ಲೆಕ್ಕ ತೆಗೆಯೋರಿಗೆ ಜ್ವರ ಬಂತು. ನಾನೇ ಬಂದೆ,” ಎಂದಳು ದಾಕ್ಷಾಯಣಮ್ಮ.

ಒಳಗೆ ಖಾರ ಅರೆಯುತ್ತಿದ್ದ ಏಕನಾಥಮ್ಮನ ಕೈ ಗುಂಡುಕಲ್ಲಿನ ಮೇಲೆ ನಿಂತುಬಿಟ್ಟಿತು. ಆ ದನಿ ಬಾಗಿಲು ದಾಟಿ, “ನಮಸ್ಕಾರ, ಒಳಗೆ ಬರಬಹುದಾ?” ಎಂದಾಗ ಅವಳ ಕಣ್ಣು ತನ್ನಷ್ಟಕ್ಕೆ ಗೂಡಿನ ಕಡೆ ಹೋಯಿತು. ರೇಡಿಯೋ ಆರಿಸಿಯೇ ಇತ್ತು. ಅಕ್ಕ ಇಷ್ಟು ಕುಳ್ಳಗಿರುವಳೆಂದು ಅವಳು ಎಂದೂ ಅಂದುಕೊಂಡಿರಲಿಲ್ಲ. ಜಗಲಿಯ ಮೇಲೆ ಓಬಕ್ಕನ ನೂಲುವ ಕದರು ಕೈಜಾರಿ ಉರುಳಿಕೊಂಡು ಹೋಯಿತು. ಉಚ್ಚಂಗಮ್ಮ ಬಾಯಿ ತೆರೆದಳು. ಹುಚ್ಚಕ್ಕ ಅವಳ ತೊಡೆ ಚಿವುಟಿದಳು.

“ನೀವು ರೇಡಿಯೋ ಕೇಳ್ತೀರೇನಮ್ಮ?” ಎಂದು ದಾಕ್ಷಾಯಣಮ್ಮ ಮಣೆಯ ಮೇಲೆ ಕೂತು ಕೇಳಿದಳು.

ಹಿಂದೆ ಬೀರಪ್ಪ ಕೆಮ್ಮಿದ.

“ನಾನಾ? ಇಲ್ಲ,” ಎಂದಳು ಏಕನಾಥಮ್ಮ ಒರಳಿಗೆ ಹೇಳುವ ಹಾಗೆ.

“ಮಧ್ಯಾಹ್ನ ಹೆಣ್ಣುಮಕ್ಕಳಿಗೆ ಅಂತಾನೇ ಒಂದು ಕಾರ್ಯಕ್ರಮ ಬರುತ್ತೆ. ಯಾವಾಗಲಾದರೂ ಕಿವಿಗೆ ಬಿದ್ದಿದೆಯಾ?”

“ಬರುತ್ತಾ?”

ದಾಕ್ಷಾಯಣಮ್ಮ ಕಾಗದದ ಮೇಲೆ ಏನೋ ಗೀಚಿಕೊಂಡಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. ಅದನ್ನು ನೋಡಲಾಗದೆ ಏಕನಾಥಮ್ಮ ಒರಳಿನ ಖಾರವನ್ನು ಬೆರಳಿನಿಂದ ಒತ್ತರಿಸಿದಳು. ಅಂಗಳಕ್ಕೆ ಇಳಿಯುತ್ತ ದಾಕ್ಷಾಯಣಮ್ಮ ರೇವಣಸಿದ್ದಪ್ಪನಿಗೆ ಹೇಳಿದ್ದು ಒಳಗೂ ಕೇಳಿಸಿತು.

“ಎಲ್ಲ ಊರಲ್ಲೂ ಇದೇ ಉತ್ತರ. ಈ ವರ್ಷದ ಲೆಕ್ಕ ನೋಡಿಕೊಂಡು ಆ ಕಾರ್ಯಕ್ರಮ ನಿಲ್ಲಿಸಿಬಿಡೋಣ ಅಂತಿದ್ದಾರೆ. ಕೇಳೋರು ಇಲ್ಲದ ಮೇಲೆ ನಾನಾದರೂ ಯಾರ ಹತ್ತಿರ ಮಾತಾಡಲಿ?”

ಏಕನಾಥಮ್ಮ ಮತ್ತೆ ಅರೆಯತೊಡಗಿದಳು. ಅವತ್ತಿನ ಖಾರ ಎಂದಿಗಿಂತ ನುಣ್ಣಗಾಯಿತು. ಮಾತು ಕೊಟ್ಟಾಗಿತ್ತು. ಆಡಿದರೆ ಹಟ್ಟಿಯ ಕಂಬಳಿಗೆ ಎರಡು ಮಾತು, ಆಡದಿದ್ದರೆ ಅಕ್ಕನೇ ಇಲ್ಲ.

ದಾಕ್ಷಾಯಣಮ್ಮ ಮನೆ ಮನೆ ಸುತ್ತಿದಳು. ಪಾಪಣ್ಣನ ಮನೆಯಲ್ಲಿ ಕೇಳಿದಳು: “ಯಾವ ಕಾರ್ಯಕ್ರಮ ಇಷ್ಟ?”

“ಇಂಗ್ಲಿಷ್ ವಾರ್ತೆ.”

“ಅದರಲ್ಲಿ ಏನು ಇಷ್ಟ?”

“ಗತ್ತು.”

ಮುಂದಿನ ಮನೆಯಲ್ಲೂ ಇಂಗ್ಲಿಷ್ ವಾರ್ತೆ, ಗತ್ತು. ಅದರ ಮುಂದಿನ ಮನೆಯಲ್ಲೂ ಅದೇ. ಹಾಸಿಗೆ ಹಿಡಿದಿದ್ದ ಮುದುಕಪ್ಪನೊಬ್ಬ ಅವಳು ಬಾಗಿಲಿಗೆ ಬರುವ ಮೊದಲೇ ಕಂಬಳಿಯೊಳಗಿಂದ “ಗತ್ತು” ಎಂದ. ಎಷ್ಟು ಜನ ಕೇಳ್ತೀರಿ ಎಂದರೆ ಎಲ್ಲರೂ ಕಣ್ಣು ಮೇಲೆತ್ತಿ, “ಏನೋ ಇದೀವಿ ತಾಯಿ, ದೇವ್ರು ಇಟ್ಟಂಗೆ,” ಎಂದರು. ಅವಳ ಕಾಗದದಲ್ಲಿ ಅಂಕಿ ಬರೆಯುವ ಮನೆಗಳೆಲ್ಲ ಖಾಲಿ ಉಳಿದವು.

ಖಾಲಿ ಉಳಿಯದೇ ಇದ್ದದ್ದು ಅವಳ ಹೊಟ್ಟೆ. ಬಂದವರು ಬರಿಬಾಯಲ್ಲಿ ಹೋಗಬಾರದೆಂದು ಓಬಕ್ಕ ಕೂರಿಸಿ ಅರ್ಧ ಮುದ್ದೆ ಹುರುಳಿ ಸಾರಿನಲ್ಲಿ ಉಣಿಸಿದಳು. ಮೊದಲ ತುತ್ತಿಗೆ ದಾಕ್ಷಾಯಣಮ್ಮನ ಕನ್ನಡಕ ಮೂಗಿನ ತುದಿಗೆ ಜಾರಿತು. ಮರ್ಯಾದೆಗೆ ನುಂಗಿದಳು. ಹುಚ್ಚಕ್ಕನ ಮನೆಯಲ್ಲೂ ಹುರುಳಿ ಸಾರು, ಅದೇ ಕಹಿ. ಉಚ್ಚಂಗಮ್ಮನ ಮನೆಯಲ್ಲಿ ಕಹಿ ಇನ್ನೊಂದು ತೂಕ ಹೆಚ್ಚು.

“ಈ ಊರಲ್ಲಿ ಎಲ್ಲರಿಗೂ ಸಕ್ಕರೆ ಕಾಯಿಲೆ ಇದೆಯೇನ್ರಿ?” ಎಂದು ಹೊರಗೆ ಬಂದು ರೇವಣಸಿದ್ದಪ್ಪನನ್ನು ಕೇಳಿದಳು.

“ಸಕ್ಕರೇನೇ ಇಲ್ವಲ್ರಿ ಅಮ್ಮಾರೆ, ರೇಷನ್ನಾಗೆ ಬಂದು ತಿಂಗಳಾತು,” ಎಂದ ಅವನು.

ಸಂಜೆಗೆ ಬೀರಪ್ಪ ತನ್ನ ಮಹಾಪ್ರದರ್ಶನ ಇಟ್ಟುಕೊಂಡಿದ್ದ. ಹಟ್ಟಿಯ ಗಂಡಸರೆಲ್ಲ ಅವತ್ತು ಕುರಿಗಳನ್ನು ಮುದುಕರ ಸುಪರ್ದಿಗೆ ಬಿಟ್ಟು, ತಲೆಗೆ ಎಣ್ಣೆ ಹಾಕಿಕೊಂಡು ಚಾವಡಿಯ ಮುಂದೆ ಕೈ ಕಟ್ಟಿ ಕೂತಿದ್ದರು. ದಾಕ್ಷಾಯಣಮ್ಮನಿಗೆ ಕಲ್ಲಿನ ಮೇಲೆ ಗೋಣಿ ಹಾಸಿ ಜಾಗ ಮಾಡಿದ್ದರು. ಅವಳು ಬೆಳಗಿನಿಂದ ಬರೆದ ಕಾಗದಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಳು.

“ಇದೀಗ ಬೀರಪ್ಪನವರಿಂದ ರೇಡಿಯೋ!” ಎಂದು ಕೂಗಿ ಬೀರಪ್ಪ ಪೆಟ್ಟಿಗೆಯ ಕಿವಿ ತಿರುವಿದ.

ತುತ್ತೂರಿಯಲ್ಲಿ ವಾದ್ಯ ಮೊಳಗಿತು. ಅದನ್ನು ಕೇಳಿ ಜನ ಇನ್ನಷ್ಟು ನೆಟ್ಟಗೆ ಕೂತರು. ಹಟ್ಟಿಯ ಆಚೆಗೆ ಮೇಯುತ್ತಿದ್ದ ಕುರಿಗಳೂ ಕೇಳಿದವು.

ಮೊದಲು ಧೂಳು ಕಂಡಿತು. “ತಡೀರಲೇ!” ಎಂದು ಯಾರೋ ಕೂಗುವಷ್ಟರಲ್ಲಿ ನಾಲ್ಕೂ ಓಣಿಗಳಿಂದ ಕುರಿಗಳು ಚಾವಡಿಗೆ ನುಗ್ಗಿದವು. ದಿನವೂ ನಿಲ್ಲುವ ಜಾಗದಲ್ಲಿ ಇವತ್ತು ಮನುಷ್ಯರು ಕೂತಿರುವುದು ಅವಕ್ಕೆ ಸರಿಬರಲಿಲ್ಲ. ಗಂಡಸರ ನಡುವೆ, ಬೆನ್ನ ಮೇಲೆ, ತೊಡೆಯ ಸಂದಿಯಲ್ಲಿ ಜಾಗ ಮಾಡಿಕೊಂಡು ನಿಂತವು. ಕೈ ಕಟ್ಟಿ ತಲೆ ಆಡಿಸಬೇಕೆಂದು ಕಂಬಳಿಯ ಮೇಲೆ ಮಾತಾಗಿದ್ದರಿಂದ ಯಾರೂ ಏಳಲಿಲ್ಲ. ಪಾಪಣ್ಣ ಹೆಗಲ ಮೇಲೆ ಮರಿಯೊಂದು ಕಾಲಿಟ್ಟಿದ್ದರೂ ಗಂಭೀರವಾಗಿ ತಲೆಯಾಡಿಸುತ್ತಿದ್ದ.

ಇಂಗ್ಲಿಷ್ ವಾರ್ತೆ ಆರಂಭವಾಯಿತು. ಮುಗಿಯಿತು. ಪಾಲಯ್ಯ ಎದ್ದು ತುತ್ತೂರಿಗೆ ಕೈ ಮುಗಿದ.

“ಏನು ಹೇಳಿದರು ಅಜ್ಜ, ಇವತ್ತು?” ಎಂದು ದಾಕ್ಷಾಯಣಮ್ಮ ಅವನ ಕಿವಿಯ ಹತ್ತಿರ ಬಾಗಿ ಕೇಳಿದಳು.

“ಎಲ್ಲಾ ಕ್ಷೇಮವಂತೆ,” ಎಂದ ಪಾಲಯ್ಯ.

ಅವಳು ಹಾಗೆ ಬಾಗಿದ ಗಳಿಗೆಯಲ್ಲೇ ಪಾಪಣ್ಣನ ಟಗರು ಅವಳ ತೊಡೆಯ ಮೇಲಿನ ಕಾಗದಗಳಿಗೆ ಬಾಯಿ ಹಾಕಿತು. ಎಲ್ಲರೂ ಏಳುವ ಹೊತ್ತಿಗೆ ಅದು ಹಟ್ಟಿಯ ಅರ್ಧ ಅಭಿಪ್ರಾಯವನ್ನು ಅಗಿದಾಗಿತ್ತು. ಉಳಿದರ್ಧವನ್ನು ಹಿಡಿದುಕೊಂಡು ಮಾಡದಕೆರೆಯ ಕಡೆ ಓಡಿತು. ಬೀರಪ್ಪ, ಪಾಪಣ್ಣ, ಸೈಕಲ್ಲು ಹತ್ತಿದ ರೇವಣಸಿದ್ದಪ್ಪ ಬೆನ್ನಟ್ಟಿದರು. ತುಂಬ ಹೊತ್ತಿನ ಮೇಲೆ ಬರಿಗೈಯಲ್ಲಿ ಬಂದರು. ಬೀರಪ್ಪನ ಪಟಗ ಕುತ್ತಿಗೆಗೆ ಇಳಿದಿತ್ತು.

“ಹೋತು,” ಎಂದು ಅವನು ಮನೆಯ ಮೆಟ್ಟಿಲ ಮೇಲೆ ಕುಸಿದ. “ರೇಡಿಯೋ ಹರಿಯಬ್ಬೆಗೆ ಹೋತು. ಚಿತ್ರಲಿಂಗಪ್ಪ ಮಂಗಳಾರತಿ ಎತ್ತಿ ಕರ್ಕಂತಾನೆ. ನನ್ನ ಟಗರಾಗಿದ್ರೆ ಹೊಟ್ಟೆ ಬಗೆದು ತೆಗೀತಿದ್ದೆ ತಾಯಿ. ಪಾಪಣ್ಣಂದು, ಬಿಡಲ್ಲ ಅಂತಾನೆ.”

ಏಕನಾಥಮ್ಮ ಅವನ ಪಟಗ ಬಿಚ್ಚಿ ಧೂಳು ಕೊಡವಿ ಗೂಟಕ್ಕೆ ಹಾಕಿದಳು. “ಮೊದ್ಲು ಉಣ್ರಿ. ಅವರೂ ಉಣ್ಲಿ,” ಎಂದಳು.

ರಾತ್ರಿಗೆ ಅಲ್ಲೇ ಉಳಿಯಬೇಕಾಗಿದ್ದ ದಾಕ್ಷಾಯಣಮ್ಮ ಕೈ ತೊಳೆದು ಬಂದು ಕೂತಳು. ಮುದ್ದೆ ಬಂತು. ಹುರುಳಿ ಸಾರು ಬಂತು. ಅವಳು ದೇವರನ್ನು ನೆನೆಯುವ ಹಾಗೆ ಕಣ್ಣು ಮುಚ್ಚಿ ತುತ್ತು ಬಾಯಿಗಿಟ್ಟಳು. ಆಮೇಲೆ ಕಣ್ಣು ತೆರೆದು ಏಕನಾಥಮ್ಮನನ್ನು ನೋಡಿದಳು.

“ಇದಕ್ಕೆ ಮೆಂತ್ಯ ಎಷ್ಟು ಹಾಕ್ತೀರಿ?”

“ಒಂದು ಹಿಡಿ.”

“ಈ ಊರಲ್ಲಿ ಮೊದಲಿಂದಲೂ ಹೀಗೇನಾ?”

ಏಕನಾಥಮ್ಮ ಉತ್ತರ ಕೊಡಬೇಕಾಗಲಿಲ್ಲ. ಬೀರಪ್ಪನಿಗೆ ಕೊನೆಗೂ ತನ್ನ ಕಷ್ಟ ಕೇಳುವವರೊಬ್ಬರು ಸಿಕ್ಕಿದ್ದರು.

“ಎಲ್ಲಿಂದ ಮೊದ್ಲು ತಾಯಿ! ನಮ್ಮವ್ವ ಇದ್ದಾಗ ಸಾರಿನಾಗೆ ಮೆಂತ್ಯ ಕಣ್ಣಿಗೂ ಕಾಣ್ತಿರಲಿಲ್ಲ. ಹೋದ ವರ್ಷ ಯುಗಾದಿ ಕಳೀತಲ್ಲ, ಆಗ ಹಿಡೀತು ನೋಡ್ರಿ ಈ ಬಾಧೆ. ಇವ್ಳೊಬ್ಳೇ ಅಲ್ಲ. ಯಾರ ಮನೆಗೆ ಹೋಗ್ರಿ, ಅದೇ ಸಾರು. ಹಟ್ಟಿಗೆ ಹಟ್ಟೀನೇ ಕಹಿ! ಯಾಕ್ರಮ್ಮಾ ಅಂದ್ರೆ ಮೈಗೆ ಒಳ್ಳೇದು ಅಂತಾರೆ. ಯಾವ ಡಾಕ್ಟರು ಹೇಳಿದ್ನೋ, ನನ್ನ ಕೈಗೆ ಸಿಗಬೇಕು.”

ದಾಕ್ಷಾಯಣಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಅವಳ ಭುಜಗಳು ಅಲುಗತೊಡಗಿದವು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೂ ನಗು ಉಕ್ಕಿ ಕಣ್ಣೀರಾಗಿ ಕನ್ನಡಕದ ಕೆಳಗೆ ಇಳಿಯಿತು.

“ಅಯ್ಯಯ್ಯೋ, ಕಹಿ ನೆತ್ತಿಗೇರೈತೆ!” ಎಂದು ಬೀರಪ್ಪ ಗಾಬರಿಯಿಂದ ಎದ್ದ. “ಲೇ, ಬೆಲ್ಲ ತಾರೇ! ಸರ್ಕಾರದೋರ ಜೀವಕ್ಕೆ ಏನಾದ್ರೂ ಆದ್ರೆ ಮನೆ ಮಾಳಿಗೇನೂ ಕಿತ್ಕಂಡು ಹೋಗ್ತಾರೆ!”

ಊಟ ಮುಗಿಸಿ ದಾಕ್ಷಾಯಣಮ್ಮ ಹಿತ್ತಲಿಗೆ ಕೈ ತೊಳೆಯಲು ಬಂದಳು. ಏಕನಾಥಮ್ಮ ಚೊಂಬಿನಿಂದ ನೀರು ಬಿಡುತ್ತಿದ್ದಳು. ದಾಕ್ಷಾಯಣಮ್ಮ ತಲೆ ಎತ್ತದೆ, ತೊಳೆದ ಕೈಯನ್ನೇ ಮತ್ತೆ ತೊಳೆಯುತ್ತ, ರೇಡಿಯೋದಲ್ಲಿ ಮಾತಾಡುವ ಅದೇ ದನಿಯಲ್ಲಿ ಹೇಳಿದಳು.

“ಹುರುಳಿ ಸಾರಿಗೆ ಮೆಂತ್ಯ ಒಂದು ಚಿಟಿಕೆ ಅಂತ ಬರೆದಿದ್ದೆ. ಓದುವಾಗ ಬಾಯಿ ತಪ್ಪಿ ಒಂದು ಹಿಡಿ ಅಂದುಬಿಟ್ಟೆ. ಮಾರನೇ ದಿನ ತಪ್ಪಾಯ್ತು ಅಂತ ತಿದ್ದಿ ಹೇಳಿದ್ದೆನಲ್ಲ?”

ಕಂಬಳಿಯ ಮಾತು ಏಕನಾಥಮ್ಮನ ನೆನಪಿನಲ್ಲಿತ್ತು. ಆದರೆ ಬಾಯಿಯ ನೆನಪಿನಲ್ಲಿರಲಿಲ್ಲ.

“ಮಾರನೇ ದಿನ ಬ್ಯಾಟ್ರಿ ಸತ್ತೋಗಿತ್ತಕ್ಕಾ. ಹೊಸದು ಬರೋ ಹೊತ್ತಿಗೆ ಯುಗಾದಿ ಬೆಲ್ಲಾನೂ ಮುಗಿದಿತ್ತು,” ಎಂದಳು. ಹೇಳಿದ ಮೇಲೆ ಚೊಂಬು ಹಿಡಿದ ಕೈಯಿಂದಲೇ ಬಾಯಿ ಮುಚ್ಚಿಕೊಂಡಳು. ನೀರೆಲ್ಲ ಅಕ್ಕನ ಸೀರೆಯ ಮೇಲೆ ಬಿತ್ತು.

ದಾಕ್ಷಾಯಣಮ್ಮ ಒದ್ದೆ ನೆರಿಗೆ ಹಿಂಡಿಕೊಳ್ಳಲಿಲ್ಲ. “ನಮ್ಮ ದೊಡ್ಡವರ ಹತ್ತಿರ ಅವತ್ತು ಅಳುತ್ತಾ ಹೋಗಿದ್ದೆ, ಎಷ್ಟು ಮನೆ ಅಡಿಗೆ ಕೆಡಿಸಿದೆನೋ ಅಂತ,” ಎಂದಳು. “ಯಾರು ಕೇಳಿರ್ತಾರೆ ಬಿಡಿ, ಸಮಾಧಾನ ಮಾಡ್ಕೊಳ್ಳಿ ಅಂದರು.” ಚೊಂಬನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟಳು. “ಎಲ್ಲ ಮನೆಯಲ್ಲೂ ಹಿಡಿ ಹಿಡಿ ಹಾಕ್ತಾರಾ?”

“ಎಷ್ಟು ಮನೆ ಅಂತ ಹೇಳಬಾರ್ದಕ್ಕ.”

“ತಲೆ ಎಣಿಸಬಾರದು ಅಷ್ಟೇ ತಾನೆ? ನಾನು ಸಾರಿನ ಗಡಿಗೆ ಎಣಿಸಿಕೊಂಡಿದ್ದೇನೆ,” ಎಂದಳು ಅಕ್ಕ.

ಮಾರನೆಯ ಬೆಳಗ್ಗೆ ಬಸ್ಸಿಗೆ ಹೊರಡುವ ಮುನ್ನ ಅವಳು ಚಾವಡಿಯ ಮುಂದೆ ನಿಂತು, ಕಾಗದ ಹೋದರೆ ಹೋಗಲಿ, ಈ ಹಟ್ಟಿಯಷ್ಟು ನಂಬಿಕೆಯಿಂದ ರೇಡಿಯೋ ಕೇಳುವವರನ್ನು ತಾನು ಎಲ್ಲೂ ಕಾಣಲಿಲ್ಲ, ಹಾಗೆಂದೇ ಬರೆಯುತ್ತೇನೆ, ಸೆಟ್ಟು ಇಲ್ಲಿಂದ ಅಲುಗುವುದಿಲ್ಲ ಎಂದು ಹೇಳಿದಳು. ಹಟ್ಟಿ ಹೋ ಎಂದು ಕೂಗಿತು. ಪಾಪಣ್ಣ ಟಗರಿಗೆ ಅರಿಶಿನ ಹಚ್ಚಿದ. ಪಾಲಯ್ಯನನ್ನು ಎತ್ತಿ ಕಂಬಳಿಯ ಮೇಲೆ ಕೂರಿಸಿದರು.

“ನಾನು ಹೇಳಿರಲಿಲ್ವಾ? ಇಂಗ್ಲಿಷ್ ವಾರ್ತೆ ಕೈ ಬಿಡಲ್ಲ ಅಂತ!” ಎಂದು ಬೀರಪ್ಪ ಸಿಕ್ಕಸಿಕ್ಕವರ ಬೆನ್ನು ತಟ್ಟಿದ. ಇನ್ನು ಮೇಲೆ ಅದನ್ನು ಎರಡು ಪಾಲು ಜೋರಾಗಿ ಹಾಕುವುದಾಗಿ ಘೋಷಿಸಿದ. ಚಿತ್ರಲಿಂಗಪ್ಪನಿಗೆ ವಿಷಯ ಮುಟ್ಟಿಸಲೆಂದೇ ಒಗೆದ ಪಂಚೆಯುಟ್ಟು ಹರಿಯಬ್ಬೆಗೆ ಹೊರಟ. ಊಟಕ್ಕೆ ಬರುತ್ತೇನೆ ಎಂದ. ಹರಿಯಬ್ಬೆ ಎಷ್ಟು ದೂರ ಎನ್ನುವುದು ಅವನಿಗೆ ಖುಷಿಯಲ್ಲಿ ಮರೆತೇಹೋಗಿತ್ತು. ಅರ್ಧ ದಾರಿಯಲ್ಲಿ ನೆನಪಾಗಿ ವಾಪಸು ಬಂದ.

ಬಸ್ಸು ಹತ್ತುವಾಗ ದಾಕ್ಷಾಯಣಮ್ಮ ಏಕನಾಥಮ್ಮನ ಕೈ ಹಿಡಿದು, “ಕಾರ್ಯಕ್ರಮ ಈ ವರ್ಷಕ್ಕೆ ಉಳಿಯುತ್ತೆ, ಉಳಿಸ್ತೀನಿ. ಮುಂದಿನ ವರ್ಷ ಮತ್ತೆ ಲೆಕ್ಕ ತೆಗೀತಾರೆ, ಆಗ ಯಾರು ಬರ್ತಾರೋ,” ಎಂದಿದ್ದಳು. ಆಮೇಲೆ ಕಿವಿಯಲ್ಲಿ, “ಒಂದು ಚಿಟಿಕೆ ಕಣಮ್ಮ. ಎಲ್ಲರಿಗೂ ಹೇಳಿಬಿಡು. ಪಾಪ, ನಿನ್ನ ಗಂಡನ ಮುಖ ನೋಡಲಾಗಲ್ಲ.”

ಮಧ್ಯಾಹ್ನವಾಯಿತು. ಏಕನಾಥಮ್ಮ ಗೂಡಿನ ರೇಡಿಯೋ ಹಚ್ಚಿದಳು. ಅವತ್ತು ಅಕ್ಕನ ಬದಲು ಬೇರೆ ಯಾರೋ ಹಾಡುತ್ತಿದ್ದರು. ಅಕ್ಕ ಇನ್ನೂ ಬಸ್ಸಿನಲ್ಲಿರಬೇಕು. ಜಗಲಿಯ ಮೇಲೆ ಮೂವರೂ ಕದರು ತಿರುಗಿಸುತ್ತಿದ್ದರು. ಒಲೆಯ ಮೇಲೆ ಹುರುಳಿಯ ಕಟ್ಟು ಕುದಿಯುತ್ತಿತ್ತು.

“ಹೋಗೋವಾಗ ಅಕ್ಕ ನಿನ್ನ ಕಿವಿಯಾಗೆ ಏನೋ ಅಂದ್ಲಲ್ಲೇ, ಏನದು?” ಎಂದು ಹುಚ್ಚಕ್ಕ ಕೂಗಿ ಕೇಳಿದಳು.

ಏಕನಾಥಮ್ಮ ಮೆಂತ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಹಿಡಿದುಕೊಂಡಿದ್ದಳು. ಬೆರಳ ತುದಿಯಲ್ಲಿ ಆ ಕಾಳುಗಳು ಇದ್ದೂ ಇಲ್ಲದ ಹಾಗಿದ್ದವು. ಮುಂದಿನ ವರ್ಷ ಬರುವವರು ಯಾರೋ. ಗಂಡಸರು ಮತ್ತೆ ಕಂಬಳಿ ಹಾಸುತ್ತಾರೆ, ಏನೋ ಒಂದು ಮಾತಾಗುತ್ತದೆ, ತಾವು ಮತ್ತೆ ‘ಕೇಳಲ್ಲ’ ಎನ್ನಬೇಕಾಗುತ್ತದೆ. ಆದರೆ ಬಂದವರು ಬರಿಬಾಯಲ್ಲಂತೂ ಹೋಗುವುದಿಲ್ಲ, ಸಾರು ಉಂಡೇ ಹೋಗುತ್ತಾರೆ.

“ಆರೋಗ್ಯ ನೋಡ್ಕಳಮ್ಮ ಅಂದ್ಲು,” ಎಂದು ಕೂಗಿ ಹೇಳಿ, ಚಿಟಿಕೆಯನ್ನು ಡಬ್ಬಿಗೆ ಉದುರಿಸಿದಳು. ಮತ್ತೆ ಕೈ ಹಾಕಿ, ಹಿಡಿ ತುಂಬ ಮೆಂತ್ಯ ತೆಗೆದು ಬಾಣಲೆಗೆ ಹಾಕಿ ಹುರಿಯತೊಡಗಿದಳು.

“ಇದೀಗ ಬೀರಪ್ಪನವರಿಂದ ಊಟ!” ಎಂದು ಬಾಗಿಲಲ್ಲಿ ದನಿ ಕೇಳಿತು. ಅವಳು ಗಂಡನಿಗೆಂದು ಒಂದು ತುಂಡು ಬೆಲ್ಲವನ್ನು ತಟ್ಟೆಯ ಅಂಚಿಗೆ ತೆಗೆದಿಟ್ಟಳು.